ಹದಿನಾರರ ಲೆಕ್ಕ

ಹೋದ ವಾರ ಸಹಕಾರನಗರದ ನಮ್ಮ ಮನೆಯಲ್ಲಿ ಒಂದು ಪಜೀತಿ. ಮಗಳ ಶಾಲೆಯ ಕ್ವಿಜ್‌ಗೆ ಬಜರ್ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೆ. 12 ತಂಡ, ತಂಡಕ್ಕೊಂದು ಗುಂಡಿ, ಒಂದು ದೀಪ. ಅಲ್ಲಿಗೆ 24 ಪಿನ್ ಬೇಕು. ಆರ್ಡುಯಿನೋ ಊನೋ ಬೋರ್ಡಿನಲ್ಲಿರೋದು 14 ಡಿಜಿಟಲ್, 6 ಅನಲಾಗ್. ಎಲ್ಲಾ ಬಳಸಿದರೂ 20!

ಎಸ್.ಪಿ. ರೋಡಿಗೆ ಹೋಗಿ ಎಂಸಿಪಿ23017 ಚಿಪ್ ಎರಡು ತಂದೆ. ಒಂದೊಂದರಲ್ಲೂ 16 ಪಿನ್ ಸಿಗುತ್ತೆ, ಬೋರ್ಡಿನ ಜೊತೆ ಮಾತಾಡೋದಕ್ಕೆ ಎರಡೇ ತಂತಿ ಸಾಕು. ಫಿಲಿಪ್ಸ್ ಕಂಪನಿ 1982ರಲ್ಲಿ ತಂದ ಐ-ಸ್ಕ್ವೇರ್ಡ್-ಸಿ ಪದ್ಧತಿ ಇದು. ಅದೇ ಎರಡು ತಂತಿಗೆ ಇಂಥ ಎಂಟು ಚಿಪ್ ಜೋಡಿಸಬಹುದು. ಕರೆದದ್ದು ಯಾರನ್ನ ಅಂತ ಗೊತ್ತಾಗೋದು ಹೇಗೆ? ಪ್ರತಿ ಚಿಪ್ಪಿಗೂ ಮೂರು ವಿಳಾಸದ ಪಿನ್ ಇವೆ. ಅವನ್ನು ಪ್ಲಸ್‌ಗೋ ಗ್ರೌಂಡ್‌ಗೋ ಕಟ್ಟಿ ಮನೆ ನಂಬರ್ ಕೊಡಬೇಕು. ಒಂದೇ ಬೀದಿ, ಎಂಟು ಮನೆ, ಒಟ್ಟು 128 ಪಿನ್.

ಬೆಸುಗೆ ಹಾಕ್ತಾ ಕೂತಾಗ ಅನ್ನಿಸ್ತು, ಈ 16ನ್ನು ಎಲ್ಲೋ ನೋಡಿದ್ದೀನಲ್ಲ? ಹೌದು, ಮತಗಟ್ಟೆಯಲ್ಲಿ!

ನಮ್ಮ ಮತಯಂತ್ರ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು, 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್. ಇನ್ನೊಂದು ಹೈದರಾಬಾದಿನ ಇಸಿಐಎಲ್. 1982ರಲ್ಲಿ, ಅಂದರೆ ಐ-ಸ್ಕ್ವೇರ್ಡ್-ಸಿ ಬಂದ ವರ್ಷವೇ, ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮತಯಂತ್ರ ಮೊದಲು ಬಳಕೆಯಾಯಿತು. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ 16 ಗುಂಡಿ. ಅಭ್ಯರ್ಥಿಗಳು ಹೆಚ್ಚಾದರೆ ಎರಡನೇ ಯೂನಿಟ್ಟನ್ನು ಮೊದಲನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಸಿಕ್ಕಿಸಬೇಕು. ಕಂಟ್ರೋಲ್ ಯೂನಿಟ್‌ಗೆ ಹೋಗೋದು ಮೊದಲನೆಯದರ ಕೇಬಲ್ ಮಾತ್ರ. ಪ್ರತಿ ಯೂನಿಟ್ ಒಳಗೂ ಒಂದು ಪುಟ್ಟ ಸ್ವಿಚ್, ಅದನ್ನು 1, 2, 3, 4ಕ್ಕೆ ಸರಿಸಿಡಬೇಕು. ಮತ್ತದೇ ಮನೆ ನಂಬರ್! ಈ ಸ್ವಿಚ್ ತಪ್ಪಿದರೆ 17ನೇ ಅಭ್ಯರ್ಥಿಯ ಗುಂಡಿ ಯಾವುದು ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ನಾನು ಒಂದು ಪಿನ್ ತಪ್ಪಿಸಿದರೆ ತಪ್ಪು ದೀಪ ಹತ್ತುತ್ತೆ ಅಷ್ಟೇ, ಅಲ್ಲಿ ಇರೋದು ಒಬ್ಬರ ಮತ.

ಹಳೆಯ ಯಂತ್ರಗಳ ಮಿತಿ 4 ಯೂನಿಟ್, 64 ಹೆಸರು. ಅದಕ್ಕಿಂತ ಜಾಸ್ತಿಯಾದರೆ ಕಾಗದದ ಮತಪತ್ರವೇ ಗತಿ. 2013ರ ನಂತರ ಬಂದ ಎಂ3 ಮಾದರಿಗೆ 24 ಯೂನಿಟ್ ಜೋಡಿಸಬಹುದು, ನೋಟಾ ಸೇರಿ 384 ಗುಂಡಿ. 2019ರಲ್ಲಿ ತೆಲಂಗಾಣದ ನಿಜಾಮಾಬಾದ್‌ನಲ್ಲಿ ಅರಿಶಿನ ಬೆಳೆಗಾರರು ಸಾಲುಸಾಲಾಗಿ ನಾಮಪತ್ರ ಹಾಕಿ ಕಣದಲ್ಲಿ 185 ಜನ ಉಳಿದಾಗ, ಒಂದೊಂದು ಮತಗಟ್ಟೆಗೂ 12 ಯೂನಿಟ್ ಬೇಕಾಯಿತು.

ಆದರೆ ನಮ್ಮ ಬೆಳಗಾವಿಯ ಲೆಕ್ಕವೇ ಬೇರೆ. 1996ರ ಲೋಕಸಭಾ ಚುನಾವಣೆಯಲ್ಲಿ ಗಡಿ ವಿವಾದದತ್ತ ಗಮನ ಸೆಳೆಯಲು ಮರಾಠಿ ಸಂಘಟನೆಯವರು ಗುಂಪಾಗಿ ನಿಂತು, ಅಲ್ಲಿ ಅಭ್ಯರ್ಥಿಗಳ ಸಂಖ್ಯೆ 456ಕ್ಕೆ ಏರಿತ್ತು. ಅವರ ಬೇಡಿಕೆ ನಾವು ಒಪ್ಪದಿರಬಹುದು, ನಿಲ್ಲುವ ಹಕ್ಕಂತೂ ಅವರದೇ. ಅದೇ ವರ್ಷ ಸಾಮಾನ್ಯ ಅಭ್ಯರ್ಥಿಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು. ಪಿನ್ ಸಾಲದಿದ್ದಾಗ ಒಂದೋ ಪಿನ್ ಹೆಚ್ಚಿಸಬೇಕು, ಇಲ್ಲವೇ ಗುಂಡಿ ಕೇಳುವವರನ್ನು ಕಡಿಮೆ ಮಾಡಬೇಕು. ನಾವು ಎರಡನ್ನೂ ಮಾಡಿದ್ದೇವೆ.

ಅಂದ ಹಾಗೆ, ಆ ಬೆಳಗಾವಿಯ ಪಟ್ಟಿಗೆ ಇವತ್ತು ನೋಟಾ ಸೇರಿ 29 ಯೂನಿಟ್ ಬೇಕು. ಎಂ3 ಕೂಡ ಕೈ ಚೆಲ್ಲುತ್ತೆ!

ಬಜರ್ ಏನಾಯ್ತು ಅಂತೀರಾ? ಎರಡು ಚಿಪ್, 32 ಪಿನ್. ಇನ್ನೂ ನಾಲ್ಕು ತಂಡಕ್ಕೆ ಜಾಗ ಇದೆ.