ತೆರೆಯ ಚಂದ್ರಿ, ಸೆರೆಯ ಸ್ನೇಹಲತಾ

ಮಹಿಳಾ ಬಂದಿಗಳ ಬದುಕನ್ನು ಚಲನಚಿತ್ರಗಳು ಅಪರಾಧದ ಕಥೆಯಾಗಿ ಕಂಡದ್ದೇ ಹೆಚ್ಚು. ಕನ್ನಡದ ಅಭಿನೇತ್ರಿಯೊಬ್ಬರ ಪಾಲಿಗೆ ಅದು ಕಥೆಯಾಗಿ ಉಳಿಯಲಿಲ್ಲ.

1970ರ ‘ಸಂಸ್ಕಾರ’ ಅಲ್ಪ ವೆಚ್ಚದ ಚಿತ್ರ. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದ ಆ ಕೃತಿಯು ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದಿತು. ಅದರಲ್ಲಿ ಚಂದ್ರಿಯ ಪಾತ್ರ ವಹಿಸಿದವರು ಅವರ ಪತ್ನಿ ಸ್ನೇಹಲತಾ ರೆಡ್ಡಿ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಪ್ರಕರಣದ ಸಂಶಯದ ಮೇಲೆ ಅವರನ್ನು ಬಂಧಿಸಲಾಯಿತು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ಮೀಸಾ ಕಾಯಿದೆಯು ಅವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಯೇ ಇರಿಸಿತು. ಉಬ್ಬಸದಿಂದ ನರಳುತ್ತಲೇ ಅವರು ದಿನಚರಿ ಬರೆದರು. ಸಹಬಂದಿನಿಯರ ಪರವಾಗಿ ದನಿಯೆತ್ತಿದರು. 1977ರ ಜನವರಿಯಲ್ಲಿ ಪೆರೋಲ್ ದೊರೆಯಿತು. ಆ ತಿಂಗಳ 20ರಂದೇ ಅವರು ತೀರಿಕೊಂಡರು.

ನಮ್ಮ ವಯನಾಡಿಗೂ ಇಂಥದೊಂದು ನೆನಪುಂಟು. 1968ರ ಪುಲ್ಪಳ್ಳಿ ಪೊಲೀಸ್ ಠಾಣೆಯ ದಾಳಿಯ ಪ್ರಕರಣದಲ್ಲಿ ಸೆರೆಸೇರಿದ ಅಜಿತಾ ಅವರೂ ಮುಂದೆ ತಮ್ಮ ಆತ್ಮಕಥನವನ್ನು ಬರೆದರು. ಒಬ್ಬರದು ಸಮಾಜವಾದಿ ಮಾರ್ಗ, ಇನ್ನೊಬ್ಬರದು ಸಶಸ್ತ್ರ ಹೋರಾಟ. ಮಾರ್ಗ ಬೇರೆಯಾದರೂ ಗೋಡೆಯೊಳಗಿನ ಹೆಣ್ಣಿನ ಅನುಭವವನ್ನು ಇಬ್ಬರೂ ಅಕ್ಷರಕ್ಕಿಳಿಸಿದರು.

ಬೆಂಗಳೂರಿನ ಆ ಕಾರಾಗೃಹದ ನೆಲದಲ್ಲಿ ಇಂದು ಫ್ರೀಡಂ ಪಾರ್ಕ್ ಇದೆ. ಬರೆಯಬಲ್ಲವರ ಹೆಸರು ಉಳಿಯಿತು. ಅವರೊಡನೆ ಅದೇ ಗೋಡೆಗಳ ನಡುವೆ ದಿನ ನೂಕಿದ ಅನಕ್ಷರಸ್ಥ ಹೆಣ್ಣುಮಕ್ಕಳ ಹೆಸರುಗಳನ್ನು ಚರಿತ್ರೆ ಇನ್ನೂ ಕೇಳಬೇಕಾಗಿದೆ.