ಹೊಳೆಗೆ ಕ್ಯುಸೆಕ್, ನಲ್ಲಿಗೆ ಏನು? ರಾಯಚೂರಿನ ಊರುಗಳಲ್ಲಿ ವಿಪತ್ತಿನ ಲೆಕ್ಕ

ರಾಯಚೂರು ಜಿಲ್ಲೆಯಲ್ಲಿ ವಿಪತ್ತು ಎಂದೊಡನೆ ಕೃಷ್ಣೆ, ತುಂಗಭದ್ರೆಗಳ ನೆರೆ ನೆನಪಾಗುತ್ತದೆ. ಆಡಳಿತದ ಸಿದ್ಧತೆಯೂ ಬಹುಪಾಲು ಹೊಳೆದಂಡೆಯ ಕಡೆಗೇ ಇದೆ. ಆದರೆ ಬೆಳೆಯುವ ಊರುಗಳಲ್ಲಿ ಅಪಾಯ ಊರೊಳಗೇ ಹುಟ್ಟುತ್ತದೆ. ಅದನ್ನು ಅಳೆಯುವವರಿಲ್ಲ ಎಂಬುದು ಈ ಲೇಖನದ ವಾದ.

ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ಮೇಲಿರುವ ಹೂವಿನಹೆಡಗಿ ಸೇತುವೆಯನ್ನೇ ನೋಡೋಣ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಷ್ಟು ಕ್ಯುಸೆಕ್ ಬಿಟ್ಟರೆಂದು ತಿಳಿದರೆ ಸೇತುವೆ ಮುಳುಗುವ ಹೊತ್ತನ್ನು ದಂಡೆಯವರು ಅಂದಾಜು ಮಾಡಬಲ್ಲರು. 2019ರ ಆಗಸ್ಟ್‌ನಲ್ಲಿ ಅದು ಮುಳುಗಿತು, ಆದರೆ ಹೇಳದೆ ಬಂದ ನೀರಲ್ಲ ಅದು. ಮಾನ್ವಿಯ ತುಂಗಭದ್ರಾ ದಂಡೆಗೆ 2009ರ ಸೆಪ್ಟೆಂಬರ್ ಕೊನೆಯಲ್ಲಿ ಹೀಗೆ ಮೊದಲೇ ಸಿದ್ಧರಾಗುವ ಬಿಡುವು ದೊರೆಯಲಿಲ್ಲ. ಹೊಳೆಯ ಜೊತೆಗೆ ಮಳೆಯೇ ಸುರಿಯಿತು. ಬಳಿಕ ನೆರೆ ಸಂತ್ರಸ್ತರ ಪುನರ್ವಸತಿಯ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆಗಳೆದ್ದವು. ಹೊಲ, ದನದ ಕೊಟ್ಟಿಗೆ ಹಳೆಯ ಊರಲ್ಲೇ ಉಳಿದರೆ ಹೊಸ ಮನೆಗೆ ಜನ ಹೋಗುವುದು ಕಷ್ಟ. ಸ್ಥಳಾಂತರದ ಯೋಜಕರು ಇದನ್ನು ಮೊದಲೇ ಎಣಿಸಬೇಕಿತ್ತು.

ರಾಯಚೂರು ನಗರದ ಕಥೆ ಬೇರೆ. 1294ರ ಶಾಸನವಿರುವ ಕೋಟೆ, ಅದರ ಕಂದಕ, ಬೆಟ್ಟದಡಿಯ ಮಾವಿನಕೆರೆ, ಖಾಸಬಾವಿ ಇವೆಲ್ಲ ಮಳೆನೀರಿಗೆ ಇದ್ದ ತಂಗುದಾಣಗಳು. 2011ರ ಜನಗಣತಿಯ ಹೊತ್ತಿಗೆ ನಗರದಲ್ಲಿ ಸುಮಾರು 2.34 ಲಕ್ಷ ಜನರಿದ್ದರು. ಊರು ಬೆಳೆದಂತೆ ತಗ್ಗು ಭೂಮಿಯಲ್ಲೂ ರಾಜಕಾಲುವೆಯ ಅಂಚಿನಲ್ಲೂ ಮನೆಗಳಾದವು. ಈಗ ಜೋರು ಮಳೆಯಾದರೆ ಸಿಯಾತಲಾಬ್, ಜಲಾಲನಗರದ ಮನೆಗಳಿಗೆ ನೀರು ನುಗ್ಗುತ್ತದೆ. ಮುನ್ಸೂಚನೆ ಕೊಡಲು ಇಲ್ಲಿ ಮೇಲೆಲ್ಲೂ ಅಣೆಕಟ್ಟಿಲ್ಲ.

ಇದಕ್ಕಿಂತ ಗಂಭೀರವಾದದ್ದು ಕುಡಿಯುವ ನೀರು. 2022ರ ಮೇ-ಜೂನ್‌ನಲ್ಲಿ ನಗರದಲ್ಲಿ ಕಲುಷಿತ ನೀರು ಕುಡಿದು ಅಸ್ವಸ್ಥರಾದವರಲ್ಲಿ ಕೆಲವರು ಸತ್ತರು; ರಾಂಪುರದ ಶುದ್ಧೀಕರಣ ಘಟಕದ ನಿರ್ವಹಣೆ ಟೀಕೆಗೆ ಗುರಿಯಾಯಿತು. ಮರುವರ್ಷ ದೇವದುರ್ಗದ ರೇಕಲಮರಡಿಯಲ್ಲೂ ವಾಂತಿಭೇದಿ ಕಾಣಿಸಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಪ್ರಕೃತಿಯಷ್ಟೇ ಅಲ್ಲ, ಅಪಘಾತ, ನಿರ್ಲಕ್ಷ್ಯಗಳೂ ಸೇರಿವೆ. ಆದರೂ ಇಂಥ ಸಾವುಗಳನ್ನು ನಾವು ಆರೋಗ್ಯ ಇಲಾಖೆಯ ಕಡತಕ್ಕೇ ಬಿಡುತ್ತೇವೆ. (ಬೋಟು, ಹಗ್ಗ ಬೇಡದ ವಿಪತ್ತು ನಮಗೆ ವಿಪತ್ತೆನಿಸುವುದಿಲ್ಲವೇನೋ.)

ಹೊಳೆಗೆ ಕ್ಯುಸೆಕ್ ಇರುವಂತೆ ನಲ್ಲಿಗೂ ಒಂದು ಅಂಕಿ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ಘಟಕದಲ್ಲಿ ಅಳೆದರೆ ಸಾಲದು. ಪೈಪಿನ ಕೊಟ್ಟಕೊನೆಯ ಓಣಿಯ ನಲ್ಲಿಯಲ್ಲಿ ಅಳೆದು ದಿನವೂ ವಾರ್ಡಿನ ಫಲಕದಲ್ಲಿ ಪ್ರಕಟಿಸಬೇಕು. ರಾಜಕಾಲುವೆಯ ಹೂಳನ್ನು ಮುಂಗಾರಿಗೆ ಮೊದಲೇ ಎತ್ತಿದ ಲೆಕ್ಕವೂ ಅದೇ ಫಲಕದಲ್ಲಿರಲಿ. ಮಾನ್ವಿ, ದೇವದುರ್ಗ ಪಟ್ಟಣಗಳು ಇನ್ನೂ ಚಿಕ್ಕವು. ಅಲ್ಲಿ ಕಾಲುವೆಯ ಅಂಚನ್ನು ಗುರುತಿಸಿ ಕಲ್ಲು ನೆಡಲು ಈಗಲೂ ಜಾಗವಿದೆ.