ಎತ್ತು ಹೋದ ಮೇಲಿನ ತಗ್ಗು ಅಂಕಣ

ನವಲಗುಂದ ಸೀಮೆಯ ಮೊರಬದಂಥ ಎರೆನೆಲದ ಊರುಗಳ ಹಳೆಯ ಮಣ್ಣಿನ ಮಾಳಿಗೆಮನೆಗಳಲ್ಲಿ ತಲಬಾಗಿಲು ದಾಟಿದರೆ ಸಾಮಾನ್ಯವಾಗಿ ಮೊದಲು ಸಿಗುತ್ತಿದ್ದದ್ದು ದನಗಳ ಜಾಗ. ಮಂದಿ ಕೂಡುವ ಪಡಸಾಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲೆ. ಎತ್ತೇ ಬೇಸಾಯದ ಬಂಡವಾಳವಾಗಿದ್ದಾಗ ಅದನ್ನು ಕಣ್ಣಳತೆಯಲ್ಲಿ ಕಾಯಲು, ಗಂಜಲ ಒಳಮನೆಗೆ ಹರಿಯದಂತೆ ತಡೆಯಲು ಈ ಏರಿಳಿತ ಬೇಕಿತ್ತು. 1972ರಲ್ಲಿ ಮಲಪ್ರಭಾ ನದಿಯ ನವಿಲುತೀರ್ಥ ಅಣೆಕಟ್ಟು ಮುಗಿದ ಬಳಿಕ ಈ ಸೀಮೆಗೆ ಕಾಲುವೆ ಬಂತು. ಮುಂದೆ ಟ್ರ್ಯಾಕ್ಟರ್ ಹೆಚ್ಚಿದಂತೆ ಗೋದಲಿಗಳು ಬರಿದಾದವು.

ಈಗ ದನ ಕಟ್ಟುತ್ತಿದ್ದ ಆ ತಗ್ಗನ್ನು ತುಂಬಿ ಟೈಲ್ಸ್ ಹಾಸುವುದೇ ನವೀಕರಣವೆನಿಸಿದೆ. ಮೆಟ್ಟಿಲು ವಯಸ್ಸಾದವರಿಗೆ ಅಪಾಯ, ಒಳಗೆ ಕತ್ತಲೆ ಎಂಬ ಆಕ್ಷೇಪ ನಿಜವೇ. ಆದರೆ ಅದಕ್ಕೆ ಒಂದು ಬದಿಗೆ ಇಳಿಜಾರು, ಗೋಡೆಗೆ ಹಿಡಿಕೆ, ಮಾಳಿಗೆಯಲ್ಲಿ ಬೆಳಕಿಂಡಿ ಸಾಕು. ತಗ್ಗು ಅಂಕಣ ಮಕ್ಕಳ ಓದಿಗೋ ಕಾಳು ಹಸನು ಮಾಡಲಿಕ್ಕೋ ಒದಗುತ್ತದೆ. ಬಳಕೆ ಬದಲಾಗಲಿ; ದುಡಿವ ಎತ್ತಿಗೆ ಸೂರಿನಡಿಯೇ ಜಾಗ ಕೊಟ್ಟ ಇತಿಹಾಸ ನೆಲದಲ್ಲಿ ಉಳಿಯಲಿ.